ಕುಮುದಳ ಹೆಸರಿನ ರಂಗೋಲಿ

ನಮ್ಮ ಊರಿನಲ್ಲಿ ಹಾಲಿನವನು ಹಾಲು ಅಳೆಯುವ ಮೊದಲು ಅಂಗಳ ನೋಡುತ್ತಾನೆ. ರಂಗೋಲಿ ಬೆಳ್ಳಗಿದ್ದರೆ "ಅಕ್ಕಾ, ಹಾಲು" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ಇಟ್ಟಿಗೆಕೆಂಪಾಗಿದ್ದರೆ ತುಟಿ ಬಿಚ್ಚುವುದಿಲ್ಲ, ಪಾತ್ರೆಗೆ ಸುರಿದು ಮೆಲ್ಲಗೆ ಸೈಕಲ್ ಹತ್ತುತ್ತಾನೆ. ಸಿಟ್ಟಿನಲ್ಲಿರುವ ಹೆಂಗಸಿನ ಎದುರು ನಿಂತು ಹಾಲು ಯಾಕೆ ನೀರಾಗಿದೆ ಎಂಬ ವಿಚಾರಣೆಗೆ ಒಳಗಾಗುವಷ್ಟು ದಡ್ಡ ಅವನಲ್ಲ. ನೀಲಿ ಕಂಡರೆ ಪಕ್ಕದ ಮನೆಯವರಿಗೆ ಒಂದು ಮಾತು ತಿಳಿಸಿ ಮುಂದೆ ಹೋಗುತ್ತಾನೆ. ಬಟ್ಟಲಲ್ಲಿರುವಾಗ ಎಲ್ಲರ ಮನೆಯ ಪುಡಿಯೂ ಒಂದೇ ಬಿಳಿ. ಬೆರಳ ಸಂದಿನಿಂದ ನೆಲಕ್ಕೆ ಬಿದ್ದಮೇಲೆ ಮಾತ್ರ, ಹಾಕಿದವಳ ಮನಸ್ಸು ಹೇಗಿದೆಯೋ ಆ ಬಣ್ಣ. ಬೇರೆ ಊರಿನಿಂದ ಪುಡಿ ತರಿಸಿದವರಿದ್ದಾರೆ, ಅಕ್ಕಿಹಿಟ್ಟಿನಲ್ಲಿ ಹಾಕಿ ನೋಡಿದವರಿದ್ದಾರೆ. ಏನೂ ಪ್ರಯೋಜನವಾಗಲಿಲ್ಲ.

ಹೀಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬಣ್ಣ ಬರುತ್ತದೆ. ಶಂಖಪುಷ್ಪದ ನೀಲಿಯಾದರೆ ಬೇಜಾರು, ಸಂಜೆ ಹೊತ್ತಿಗೆ ಸರಿಹೋಗುತ್ತದೆ. ನೇರಳೆಯಾದರೆ ಯಾರೋ ಆಡಿದ ಮಾತು ಒಳಗೆ ಚುಚ್ಚುತ್ತಿದೆ. ಬದನೆಕಾಯಿ ಬಣ್ಣವಾದರೆ ದುಃಖ ಹಳೆಯದು. ಈರುಳ್ಳಿ ಸಿಪ್ಪೆಯ ಬಣ್ಣ ಬಂದರೆ ಸಂತೋಷ, ಆದರೆ ಯಾವ ಸಂತೋಷ ಎಂದು ಹೇಳುವ ತನಕ ಬೀದಿ ಸುಮ್ಮನೆ ಬಿಡುವುದಿಲ್ಲ. ಹೆಣ್ಣು ನೋಡಲು ಬರುವವರು ಬೇಕೆಂದೇ ಬೆಳಗಾಗುವಷ್ಟರಲ್ಲಿ ಬರುತ್ತಾರೆ, ಅಂಥ ದಿನ ಹುಡುಗಿಯ ಬದಲು ಅಜ್ಜಿ ಬಗ್ಗಿ ರಂಗೋಲಿ ಹಾಕುತ್ತಾಳೆ. ಬಂದವರಿಗೂ ಅದು ಗೊತ್ತು. ಗೊತ್ತಿಲ್ಲದವರ ಹಾಗೆ ಉಪ್ಪಿಟ್ಟು ತಿಂದು ಹೋಗುತ್ತಾರೆ.

ನಾನು ಮದುವೆಯಾಗಿ ಹೋದ ಊರಿನಲ್ಲಿ ರಂಗೋಲಿ ಯಾವಾಗಲೂ ಬಿಳಿಯೇ. ಅತ್ತೆ ಬೈದ ದಿನವೂ ಬಿಳಿ, ಗಂಡ ಕುಡಿದು ಬಂದ ಮಾರನೆಯ ದಿನವೂ ಬಿಳಿ. ಕೆಲವು ಕಾಲ ತಡೆದುಕೊಂಡೆ. ನನಗೇನಾಗಿದೆ ಎಂದು ಯಾರಿಗೂ ತಿಳಿಯದ ಆ ಊರಿನಲ್ಲಿ ನನಗೇ ಅದು ಮರೆತುಹೋಗತೊಡಗಿತು. ಬಟ್ಟೆಬರೆ ಕಟ್ಟಿಕೊಂಡು ವಾಪಸು ಬಂದುಬಿಟ್ಟೆ. ತಮ್ಮನ ಮನೆಯ ಅಂಗಳದಲ್ಲಿ ನಾನು ಹಾಕಿದ ಮೊದಲ ರಂಗೋಲಿ ನೋಡಿ ಬೀದಿಯ ಹೆಂಗಸರೆಲ್ಲ ಬಂದು ನನ್ನ ಸುತ್ತ ಕೂತರು. ಅವತ್ತು ನಾನು ಅತ್ತಷ್ಟು ಹುಟ್ಟಿದಾಗಲೂ ಅತ್ತಿರಲಿಕ್ಕಿಲ್ಲ. ಅಂದಿನಿಂದ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಊರಿನ ರವಿಕೆಗಳನ್ನು ಹೊಲಿದುಕೊಂಡು ಇದ್ದೇನೆ. ದಾಕ್ಷಾಯಣಿ ಎಂದರೆ ಎಲ್ಲರಿಗೂ ಗೊತ್ತು, ಬಾಯಿ ಸ್ವಲ್ಪ ಜೋರು ಎಂಬುದೂ ಗೊತ್ತು.

ಹಾಗೆ ಸುತ್ತ ಕೂರುವುದಕ್ಕೆ ನಮ್ಮಲ್ಲಿ 'ಜೊತೆ ಕೂರುವುದು' ಎನ್ನುತ್ತಾರೆ. ಯಾವುದಾದರೂ ಅಂಗಳದಲ್ಲಿ ನೀಲಿ ಬಿಡದೆ ನಿಂತರೆ, ಬೀದಿಯ ಹೆಂಗಸರು ತಿಂಡಿ ಕೆಲಸ ಮುಗಿಸಿ, ಸೊಪ್ಪು ಬಿಡಿಸುವುದಿದ್ದರೆ ಅದನ್ನೂ ಮೊರದಲ್ಲಿ ಹಿಡಿದುಕೊಂಡು ಆ ಮನೆಗೆ ಹೋಗುತ್ತಾರೆ. ಹುಡುಗಿಯನ್ನು ನಡುವೆ ಕೂರಿಸಿಕೊಳ್ಳುತ್ತಾರೆ. ಬುದ್ಧಿ ಹೇಳಬಾರದು, ಅದೊಂದು ನಿಯಮ. ನಮ್ಮ ಹೆಂಗಸರು ಅದನ್ನು ಎಷ್ಟು ಪಾಲಿಸುತ್ತಾರೋ ಶಿವನಿಗೇ ಗೊತ್ತು, ಆದರೂ ಕೇಳುತ್ತಾರೆ, ಕೇಳಿ ಕೇಳಿ ಬಾಯಿ ಬಿಡಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಬೂದಿ ಬಣ್ಣ. ಬೂದಿ ಕಂಡರೆ ಆ ಜೀವಕ್ಕೆ ಬದುಕು ಬೇಡವಾಗಿದೆ ಎಂದರ್ಥ. ಆಗ ಹುಡುಗಿಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವುದಿಲ್ಲ, ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಬಣ್ಣ ತಿಳಿಯಾಗುವ ತನಕ ಕಾಯುತ್ತಾರೆ. ಬೂದಿಯಿಂದ ಬಿಳಿಗೆ ಬಂದ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ, ಈಗ ಮಕ್ಕಳನ್ನು ಸ್ಕೂಲಿಗೆ ಬಿಡಲು ಹೋಗುತ್ತಾರೆ.

ಗಂಡಸರ ಕಥೆ ಬೇರೆ. ಗಂಡಸಿನ ಕೈಯಲ್ಲಿ ಪುಡಿ ಬಣ್ಣ ತಿರುಗುವುದಿಲ್ಲ ಎಂದು ನಮ್ಮ ಊರಿನ ನಂಬಿಕೆ. ಆದ್ದರಿಂದ ಅವರು ಅದನ್ನು ಮುಟ್ಟುವುದೇ ಇಲ್ಲ. ಹೆಂಗಸರಿಲ್ಲದ ಮನೆಯ ಅಂಗಳ ಬರಿದಾಗಿರುತ್ತದೆ, ಹಾಲಿನವನು ಸುಮ್ಮನೆ ಗಂಟೆ ಬಾರಿಸುತ್ತಾನೆ. ಹೋದ ವರ್ಷ ಹಿಂದಿನ ಬೀದಿಯ ಬಸವಂತ ಎಂಬ ಹುಡುಗ, ಒಂಬತ್ತನೇ ತರಗತಿ ಓದುತ್ತಿದ್ದವನು, ತಾನಾಗಿ ಪ್ರಾಣ ಕಳೆದುಕೊಂಡ. ಊರು ಬೆಪ್ಪಾಗಿ ಹೋಯಿತು. ಆ ಮನೆಯ ಅಂಗಳ ಹಿಂದಿನ ದಿನದವರೆಗೂ ಹಾಲಿನಂತೆ ಬೆಳ್ಳಗಿತ್ತು. ಇರದೆ ಏನು? ರಂಗೋಲಿ ಹಾಕುತ್ತಿದ್ದವಳು ಅವನ ತಾಯಿ ಶಿವಗಂಗಮ್ಮ, ಅವಳ ಮನಸ್ಸು ಬೆಳ್ಳಗಿತ್ತು. ಜನ ಗ್ರಹಚಾರ ಎಂದರು, ಯಾರದೋ ದೃಷ್ಟಿ ಎಂದರು, ಕೊನೆಗೆ ಮಾತು ಬದಲಾಯಿಸಿದರು. ಅಂದಿನಿಂದ ಶಿವಗಂಗಮ್ಮ ಅಂಗಳಕ್ಕೆ ರಂಗೋಲಿ ಹಾಕಲಿಲ್ಲ, ಯಾರ ಮನೆಗೂ ಜೊತೆ ಕೂರಲು ಹೋಗಲಿಲ್ಲ.

ಬಸವಂತನ ಪಕ್ಕದಲ್ಲೇ ಬೆಂಚಿನಲ್ಲಿ ಕೂರುತ್ತಿದ್ದವನು ನನ್ನ ತಮ್ಮ ರುದ್ರಪ್ಪನ ಮಗ ಶಂಭು. ಗೆಳೆಯ ಹೋದ ಮಾರನೆಯ ವಾರವೇ ಶಂಭು ಸ್ಕೂಲಿಗೆ ಹೋದ. ಮೇಷ್ಟ್ರು ಬೆನ್ನು ತಟ್ಟಿದರು. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ತಂದೆಯ ಗಿರಾಕಿಗಳು "ಗಂಡು ಹುಡುಗ, ಧೈರ್ಯವಾಗಿರ್ಬೇಕು" ಎಂದರು. ಶಂಭು ಧೈರ್ಯವಾಗಿಯೇ ಇದ್ದ. ಹೊತ್ತಿಗೆ ಮುಂಚೆ ಏಳುವುದು, ಹೇಳಿದ ಕೆಲಸ ಮಾಡುವುದು, ಎದುರು ಮಾತಾಡದೆ ಇರುವುದು, ಹೀಗೆ ಚಿನ್ನದಂಥ ಹುಡುಗ ಎಂದು ಹೆಸರು ತೆಗೆದುಕೊಂಡ. ಹದಿಹರೆಯದ ಹುಡುಗನೊಬ್ಬ ಇಷ್ಟು ಚಿನ್ನವಾಗಿದ್ದಾನಲ್ಲ, ಏನಾಗಿದೆ ಇವನಿಗೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಣ್ಣೆಲ್ಲ ಅವನ ಅಕ್ಕನ ಮೇಲಿತ್ತು. ಕುಮುದ ಅವನಿಗಿಂತ ಒಂದು ವರ್ಷ ದೊಡ್ಡವಳು. ಬಾಯಿ ತೆರೆದರೆ ಪಟಪಟ, ಕಬಡ್ಡಿಯಲ್ಲಿ ಸ್ಕೂಲಿಗೇ ಮುಂದು. ನಮ್ಮ ಮನೆಯ ರಂಗೋಲಿಯ ಪಾಳಿ ಅವಳದು. ದಸರಾ ರಜೆ ಮುಗಿದಮೇಲೆ ಅವಳ ಅಂಗಳ ನೀಲಿಯಾಗತೊಡಗಿತು. ಮೊದಲು ಶಂಖಪುಷ್ಪ, ಆಮೇಲೆ ನೇರಳೆ. ತಾಯಿ ಅನಸೂಯ ಗಾಬರಿಯಿಂದ ನನ್ನ ಕೋಣೆಗೆ ಬಂದಳು.

"ಅಕ್ಕಾ, ಇವ್ಳಿಗೇನಾಗಿದೆ? ಕೇಳಿದ್ರೆ ಏನಿಲ್ಲ ಅಂತಾಳೆ."

ನಾನು ಕುಮುದಳನ್ನು ಕರೆದು ಎದುರು ಕೂರಿಸಿಕೊಂಡೆ. ಅವಳು ಹುಬ್ಬು ಗಂಟಿಕ್ಕಿ, ಲೆಕ್ಕ ತಪ್ಪಿದವಳ ಹಾಗೆ ಯೋಚಿಸಿ, "ಅತ್ತೆ, ನಂಗೆ ದುಃಖ ಆಗಿದೆ ಅಂತ ಕಾಣುತ್ತೆ. ಯಾಕೆ ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ" ಎಂದಳು. ಅಂಥ ಉತ್ತರ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಮುಚ್ಚಿಡುತ್ತಿದ್ದಾಳೆ ಎಂದೇ ಅಂದುಕೊಂಡೆ.

ಬೀದಿ ಜೊತೆ ಕೂರಲು ಬಂತು. ಒಬ್ಬಳು ಚಕ್ಕುಲಿ ತಂದಳು, ಒಬ್ಬಳು ಅವರೆಕಾಳು ಸುಲಿಯುವುದಕ್ಕೆ ತಂದಳು. ನಡುಮನೆಯಲ್ಲಿ ಚಾಪೆ ಹಾಸಿ ಕುಮುದಳನ್ನು ನಡುವೆ ಕೂರಿಸಿಕೊಂಡು ಕೇಳಿದ್ದೇ ಕೇಳಿದ್ದು. "ಯಾರಾದ್ರೂ ಏನಾದ್ರೂ ಅಂದ್ರಾ? ಎದೆ ಭಾರ ಅನ್ಸುತ್ತಾ? ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಒಬ್ಳೇ ಇದ್ದಾಗ ಏನು ನೆನಪಾಗುತ್ತೆ?" ತಮ್ಮ ತಮ್ಮ ಕಥೆಗಳನ್ನೂ ಹೇಳಿಕೊಂಡರು. ಹದಿನಾರರಲ್ಲಿ ತನಗೆ ಹೇಗೆ ಎಲ್ಲ ಸಾಕಾಗಿತ್ತು, ಯಾರು ಬಂದು ಪಕ್ಕದಲ್ಲಿ ಮಲಗಿದರು, ಹೇಗೆ ಒಂದು ದಿನ ಇದ್ದಕ್ಕಿದ್ದಂತೆ ಮಾವಿನಕಾಯಿ ತಿನ್ನಬೇಕು ಅನ್ನಿಸಿತು ಎಂದೆಲ್ಲ. ಕುಮುದ ಚಕ್ಕುಲಿ ಕಡಿಯುತ್ತ ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡಳು. ತನ್ನ ಎದೆಯ ಮೇಲೆ ಕೈಯಿಟ್ಟು ಭಾರ ಇದೆಯೇ ಎಂದು ನೋಡಿಕೊಂಡಳು. "ಸ್ವಲ್ಪ ಇರ್ಬಹುದು" ಎಂದಳು. ಶಂಭು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಅಷ್ಟು ಹೊತ್ತು ತೊಳೆಯುವಷ್ಟು ತಟ್ಟೆ ನಮ್ಮ ಮನೆಯಲ್ಲಿರಲಿಲ್ಲ, ಆದರೆ ಅದನ್ನು ಯಾರು ಗಮನಿಸುತ್ತಾರೆ?

ಒಂದಷ್ಟು ದಿನ ಬಣ್ಣ ತಿಳಿಯಾಗುತ್ತ ಬಂತು. ಜೊತೆ ಕೂತದ್ದು ಫಲ ಕೊಡುತ್ತಿದೆ ಎಂದು ನಾವು ಬೀಗಿದೆವು. ಅಷ್ಟರಲ್ಲಿ ಅನಸೂಯಳಿಗೆ ಒಂದು ಸಂಕೋಚ ಬಂತು. ಗಂಡ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತು, ಬೆಳೆದ ಮಗ ಮನೆಯಲ್ಲಿ ಓಡಾಡುವ ಹೊತ್ತು, ಹೆಣ್ಣುಮಕ್ಕಳ ಮಾತು ನಡುಮನೆಯಲ್ಲಿ ಯಾಕೆ ಎಂದು ಎಲ್ಲರನ್ನೂ ಒಳಕೋಣೆಗೆ ಕರೆದು ಬಾಗಿಲು ಹಾಕಿದಳು. ಅಂದಿನಿಂದ ಅಂಗಳ ಮತ್ತೆ ಕಪ್ಪಿಟ್ಟಿತು. ನೇರಳೆ ಬದನೆಕಾಯಿಯಾಯಿತು, ಒಂದು ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಬೂದಿ.

ಅನಸೂಯ ಹೊಸ್ತಿಲ ಮೇಲೆ ಕುಸಿದು ಕೂತಳು. ರುದ್ರಪ್ಪ ಅಂಗಡಿ ತೆರೆಯಲಿಲ್ಲ. ಕುಮುದಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಡಾಕ್ಟರಮ್ಮ ಹೊರಗಿನಿಂದ ಬಂದವರು. ಬಹಳ ಹೊತ್ತು ಹುಡುಗಿಯನ್ನು ಮಾತಾಡಿಸಿ, "ಇವಳು ಹೆದರಿಕೊಂಡಿದ್ದಾಳೆ, ಅಷ್ಟು ಬಿಟ್ಟರೆ ಚೆನ್ನಾಗೇ ಇದ್ದಾಳಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ತೊಂದರೆ ಇದೆಯಾ?" ಎಂದು ಕೇಳಿದರು. ಹೊರಗೆ ಬಂದಮೇಲೆ ಅನಸೂಯ, "ಈ ಊರಲ್ಲಿ ಹುಟ್ಟದೋರಿಗೆ ಬಣ್ಣ ಓದೋಕೆ ಎಲ್ಲಿ ಬರುತ್ತೆ ಅಕ್ಕಾ" ಎಂದಳು. ನಾನೂ ತಲೆಯಾಡಿಸಿದೆ. ಆ ರಾತ್ರಿ ಕುಮುದಳನ್ನು ನಮ್ಮಿಬ್ಬರ ನಡುವೆ ಮಲಗಿಸಿಕೊಂಡು, ಅವಳ ಲಂಗದ ತುದಿಯನ್ನು ಅನಸೂಯ ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ಗಂಟು ಹಾಗೇ ಇತ್ತು, ಕುಮುದ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಸಾಯುವ ಯೋಚನೆಯಲ್ಲಿರುವ ಹುಡುಗಿ ಇಷ್ಟು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಾಳೆಯೇ ಎಂದು ನನಗೆ ಮೊದಲ ಸಲ ಅನುಮಾನ ಬಂತು. ಅಂಗಳಕ್ಕೆ ನಾನೇ ನೀರು ಹಾಕೋಣ ಎಂದು ಎದ್ದು ಹೋದೆ. ಮುಂಬಾಗಿಲು ತೆರೆದಿತ್ತು. ಅಂಗಳ ಆಗಲೇ ಒದ್ದೆಯಾಗಿತ್ತು. ಚುಕ್ಕಿಗಳು ಬಿದ್ದಿದ್ದವು, ಅರ್ಧ ಎಳೆ ಎಳೆದಾಗಿತ್ತು, ಹೆಚ್ಚುಕಡಿಮೆ ಎಲ್ಲ ಬೂದಿ. ರಂಗೋಲಿ ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವನು ಶಂಭು.

ಹುಡುಗನ ಕೈಯಿಂದ ಬಿಳಿಯ ಪುಡಿ ಜಾರುತ್ತಿತ್ತು, ನೆಲ ಮುಟ್ಟುವಷ್ಟರಲ್ಲಿ ಬೂದಿಯಾಗುತ್ತಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಓಡಿಹೋಗಲಿಲ್ಲ. ಸಿಕ್ಕಿಬಿದ್ದೆ ಎಂಬ ಭಯವೂ ಆ ಮುಖದಲ್ಲಿರಲಿಲ್ಲ, ಸುಸ್ತು ಮಾತ್ರ ಇತ್ತು. ಇಷ್ಟು ದಿನ ನಾವು ತಪ್ಪು ಮಗುವನ್ನು ಕಾಯುತ್ತಿದ್ದೆವು.

ನಾನು ಹೋಗಿ ಅವನ ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಕೂತೆ. ಹುಡುಗಿಯರನ್ನು ಕೇಳುವ ಹಾಗೆಯೇ ನೇರವಾಗಿ ಕೇಳಿದೆ.

"ಶಂಭು, ಸಾಯ್ಬೇಕು ಅನ್ಸುತ್ತಾ ನಿಂಗೆ?"

ಅವನು ಪುಡಿಯ ಬಟ್ಟಲನ್ನೇ ನೋಡುತ್ತ, "ಹೂಂ ಅತ್ತೆ" ಎಂದ. "ಎಲ್ಲಾ ಹೊತ್ತೂ ಅಲ್ಲ" ಎಂದು ಸೇರಿಸಿದ, ನನಗೆ ಸಮಾಧಾನ ಹೇಳುವವನ ಹಾಗೆ.

"ಯಾವಾಗಿಂದ?"

"ಬಸವ ಹೋದಾಗಿಂದ."

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ರಂಗೋಲಿ ಹಾಕು ಎಂದು ಕೇಳಿಕೊಂಡವಳು ಕುಮುದಳೇ. ಕಬಡ್ಡಿ ತಂಡಕ್ಕೆ ಆಯ್ಕೆಯಾದ ಮಾರನೆಯ ದಿನ ಅವಳ ರಂಗೋಲಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಬೀದಿಯೆಲ್ಲ ಹುಡುಗ ಯಾರು ಎಂದು ಕೇಳಿತ್ತು, ಹಾಲಿನವನೂ ಕಣ್ಣು ಮಿಟುಕಿಸಿದ್ದ, ತಾಯಿ ಬೈದಿದ್ದಳು. ತನ್ನ ಮನಸ್ಸನ್ನು ದಿನಾ ಬೀದಿಯಲ್ಲಿ ಹರಡುವುದು ಸಾಕಾಗಿದೆ ಎಂದು ಅವಳು ತಮ್ಮನ ಕೈಗೆ ಬಟ್ಟಲು ಕೊಟ್ಟಳು. ಗಂಡುಕೈ, ಬಣ್ಣ ತಿರುಗುವುದಿಲ್ಲ, ದಿನಾ ಬಿಳಿಯಾಗಿರುತ್ತದೆ ಎಂಬ ಲೆಕ್ಕ. ಶಂಭುವಿಗೂ ನಿದ್ದೆ ಬರುತ್ತಿರಲಿಲ್ಲ, ಒಪ್ಪಿಕೊಂಡ. ಮೊದಲ ದಿನವೇ ನೀಲಿ ಬಂತು. ಇಬ್ಬರೂ ಹೆದರಿದರು. "ನಿನ್ನ ಹೆಸರಲ್ಲಿ ಹಾಕ್ತಿದೀನಲ್ಲ, ನಿಂದೇ ಇರ್ಬೇಕು" ಎಂದು ಶಂಭು ಹೇಳಿದ. ಅಕ್ಕ ನಂಬಿದಳು. ನಂಬಿ, ತನಗೆ ಗೊತ್ತಿಲ್ಲದೆ ತನಗೆ ದುಃಖವಾಗಿದೆ ಎಂದು ಹುಡುಕಲು ಹೊರಟಳು.

"ನಿಂದು ಅಂತ ಗೊತ್ತಿತ್ತಲ್ಲ ನಿಂಗೆ. ಆಮೇಲೂ ಯಾಕೋ ಹಾಕ್ತಿದ್ದೆ?" ಎಂದೆ.

ಶಂಭು ಬೆರಳಲ್ಲಿ ಪುಡಿಯನ್ನು ಹೊಸಕುತ್ತ ಹೇಳಿದ. "ನೀವೆಲ್ಲ ಅಕ್ಕನ್ನ ಕೇಳ್ತಿದ್ರಲ್ಲ ಅತ್ತೆ, ನಾನು ಅಡುಗೆಮನೇಲಿ ನಿಂತ್ಕೊಂಡು ಉತ್ರ ಹೇಳ್ತಿದ್ದೆ. ಬಾಯಿ ಬಿಟ್ಟು ಅಲ್ಲ, ಒಳಗೇ. ಎದೆ ಭಾರ ಇದೆಯಾ ಅಂದ್ರಿ, ಹೂಂ ಅಂದೆ. ಬೆಳಿಗ್ಗೆ ಹೆಚ್ಚೋ ಸಂಜೆನೋ ಅಂದ್ರಿ, ಬೆಳಿಗ್ಗೆ ಅಂದೆ. ಅವಾಗ ಸ್ವಲ್ಪ ಪರ್ವಾಗಿಲ್ಲ ಅನ್ಸೋದು. ಆಮೇಲೆ ಅಮ್ಮ ಬಾಗಿಲು ಹಾಕಿಬಿಟ್ಳು."

ನಾನು ಅವನನ್ನು ಎಳೆದು ತಬ್ಬಿಕೊಂಡೆ. ನನಗಿಂತ ಎತ್ತರ ಬೆಳೆದ ಹುಡುಗ, ಕೋಲಿನ ಹಾಗೆ ಬಿಗಿಯಾಗಿ ಕೂತಿದ್ದ. "ಇದನ್ನ ನೀನೊಬ್ನೇ ಹೊರೋದು ಬೇಡ ಕಣೋ. ಇವತ್ತೇ ಅಪ್ಪಂಗೆ ಹೇಳೋಣ, ಡಾಕ್ಟರಮ್ಮನ ಹತ್ರ ಹೋಗೋಣ. ಅಲ್ಲಿ ತನಕ ನಾನು ನಿನ್ನ ಬಿಟ್ಟು ಅಲ್ಲಾಡಲ್ಲ" ಎಂದೆ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ತಮ್ಮನನ್ನು ಕೂಗಿದೆ.

ರುದ್ರಪ್ಪ ಕಣ್ಣುಜ್ಜಿಕೊಂಡು ಬಂದ. ಹಿಂದೆಯೇ ಅನಸೂಯ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರುದ್ರಪ್ಪ ರಂಗೋಲಿಯನ್ನು ನೋಡಿದ, ಮಗನ ಬಿಳಿಯ ಬೆರಳುಗಳನ್ನು ನೋಡಿದ.

"ಆಗಲ್ಲ. ಗಂಡಸಿನ ಕೈಲಿ ಬಣ್ಣ ತಿರುಗಲ್ಲ."

"ಯಾವತ್ತಾದ್ರೂ ಹಾಕಿ ನೋಡಿದೀಯೇನೋ ನೀನು?"

"ನಾನ್ಯಾಕೆ ಹಾಕ್ಲಿ?"

"ನಮ್ಮಪ್ಪ ಹಾಕಿದ್ರಾ? ಅಜ್ಜ ಹಾಕಿದ್ರಾ? ಈ ಊರಲ್ಲಿ ಒಬ್ಬ ಗಂಡಸಾದ್ರೂ ಹಾಕಿ ನೋಡಿದಾನಾ?"

ಬೀದಿಯ ಕೊನೆಯಲ್ಲಿ ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು. ಅನಸೂಯ ಸಟ್ಟನೆ ಬಚ್ಚಲಿನಿಂದ ಬಕೆಟ್ ತಂದು ಗಂಡನ ಕೈಗೆ ಕೊಟ್ಟಳು. "ಮೊದ್ಲು ನೀರು ಹಾಕ್ರೀ. ಹುಡುಗ ಕೂತ್ಕೊಂಡು ರಂಗೋಲಿ ಹಾಕ್ದ ಅಂತ ಗೊತ್ತಾದ್ರೆ ನಾಳೆ ಸ್ಕೂಲಲ್ಲಿ ಇವ್ನನ್ನ ಬದುಕೋಕೆ ಬಿಡ್ತಾರಾ?" ಎಂದಳು. ಎಂದವಳು ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿಕೊಂಡಳು.

ಒಂದು ಬಕೆಟ್ ನೀರು ಸಾಕಿತ್ತು. ಅಂಗಳ ತೊಳೆದುಹೋಗುತ್ತಿತ್ತು, ನಾನೇ ಬೇರೆ ರಂಗೋಲಿ ಎಳೆದು, ಬಂದ ಬಣ್ಣ ನನ್ನದೆಂದು ಹೇಳಿಬಿಡಬಹುದಿತ್ತು, ಬೀದಿಗೆ ಏನೂ ತಿಳಿಯುತ್ತಿರಲಿಲ್ಲ. ರುದ್ರಪ್ಪ ಬಕೆಟ್ ಹಿಡಿದು ನಿಂತಿದ್ದ. ಶಂಭು ತಂದೆಯ ಕೈಯನ್ನೇ ನೋಡುತ್ತಿದ್ದ. ನೀರು ಬಿದ್ದರೆ ಈ ಹುಡುಗ ಇನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಆಗ ಕುಮುದ ಎದ್ದು ಬಂದಳು. ಸೆರಗಿನ ಗಂಟನ್ನು ಬಿಚ್ಚಿಕೊಳ್ಳಲಾಗದೆ ಅನಸೂಯ ಏಳುವಾಗಲೇ ಲಂಗದ ಅಂಚು ಹರಿದಿತ್ತು. ಅಂಗಳವನ್ನೂ ತಮ್ಮನನ್ನೂ ನೋಡಿದವಳಿಗೆ ಎಲ್ಲ ಅರ್ಥವಾಯಿತು.

"ಹಂಗಾದ್ರೆ ನಂಗೇನೂ ಆಗಿಲ್ವಾ?" ಎಂದು ಕಿರುಚಿದಳು. "ಒಂದೂವರೆ ತಿಂಗ್ಳಿಂದ ನಾನು ದುಃಖ ಹುಡುಕ್ತಾ ಇದೀನಲ್ಲೋ! ಕಬಡ್ಡಿ ಬಿಟ್ಟೆ, ಯಾಕೆ ಅಳು ಬರ್ತಿಲ್ಲ ಅಂತ ಈರುಳ್ಳಿ ಹೆಚ್ಚಿ ಅತ್ಕೊಂಡೆ!" ಶಂಭುವಿನ ಬೆನ್ನಿಗೆ ಎರಡು ಗುದ್ದಿದಳು. ಮೂರನೆಯದಕ್ಕೆ ಎತ್ತಿದ ಕೈ ಅವನ ಬೆನ್ನ ಮೇಲೆಯೇ ಉಳಿಯಿತು. "ನಂಗಾದ್ರೂ ಹೇಳ್ಬಾರ್ದಿತ್ತೇನೋ" ಎಂದು ಅಳತೊಡಗಿದಳು. ಈರುಳ್ಳಿ ಇಲ್ಲದೆಯೇ ಅಳು ಚೆನ್ನಾಗಿ ಬಂತು.

"ಹೇಗ್ ಹೇಳೋದು ಅಂತ ಗೊತ್ತಾಗ್ಲಿಲ್ಲ" ಎಂದ ಶಂಭು. "ನಿಂಗೆ ಎಲ್ಲಾದಕ್ಕೂ ಹೆಸ್ರು ಗೊತ್ತು. ನಂಗೆ ಬೇಜಾರು ಅನ್ನೋದೊಂದೇ ಗೊತ್ತು. ಅದು ಬೇಜಾರಲ್ಲ."

ಕುಮುದ ಮೂಗೊರೆಸಿಕೊಂಡು ಅವನ ಎದುರು ಕೂತಳು. ಅರ್ಧ ಎಳೆದ ಎಳೆಯ ಮೇಲೆ ಬೆರಳಿಟ್ಟು, ಎಲ್ಲಿ ತಿಳಿಯಾಗಿದೆ, ಎಲ್ಲಿ ದಟ್ಟವಾಗಿದೆ ಎಂದು ತೋರಿಸಿದಳು. "ನೋಡು, ಇಲ್ಲಿ ಶುರುವಲ್ಲಿ ನೇರಳೆ ಇಣುಕ್ತಿದೆ. ಇದು ಯಾರೋ ಅಂದಿದ್ದು ಚುಚ್ಚೋದು. ಬಸವ ಏನಾದ್ರೂ ಅಂದಿದ್ನಾ?" ಶಂಭು ಹೌದೆಂದು ತಲೆಯಾಡಿಸಿದ. "ಅದರ ಸುತ್ತ ಈ ಬದನೆಕಾಯಿ ಬಣ್ಣ. ಅದನ್ನ ಯಾರಿಗೂ ಹೇಳ್ದೆ ಇಟ್ಕೊಂಡಿದ್ದು. ಆಮೇಲೆ ಬೂದಿ." ಅವಳು ಅವನ ಹಣೆಗೆ ಹಣೆ ತಾಗಿಸಿದಳು. ನಾವು ಹೆಂಗಸರು ಒಂದೂವರೆ ತಿಂಗಳು ಕೂತು ಮಾಡಲಾಗದ್ದನ್ನು ಆ ಹುಡುಗಿ ಅಂಗಳದ ನಡುವೆ ಒಂದು ಗಳಿಗೆಯಲ್ಲಿ ಮಾಡಿದಳು.

ಹಾಲಿನವನು ಬಂದು ನಿಂತ. ಅಂಗಳ ನೋಡಿದ, ಹುಡುಗನ ಕೈಯಲ್ಲಿದ್ದ ಬಟ್ಟಲನ್ನು ನೋಡಿದ, ರುದ್ರಪ್ಪನ ಕೈಯಲ್ಲಿದ್ದ ಬಕೆಟ್ಟನ್ನೂ ನೋಡಿದ. ರುದ್ರಪ್ಪ ಬಕೆಟ್ಟನ್ನು ಕೆಳಗಿಟ್ಟ. ನೀರು ತುಳುಕಿ ಅವನ ಕಾಲ ಮೇಲೆಯೇ ಬಿತ್ತು. "ನಮ್ ಹುಡುಗ ಹಾಕಿದ್ದು. ಬೀದಿಗೆ ಹೇಳ್ಬಿಡಪ್ಪ" ಎಂದ.

ರುದ್ರಪ್ಪನೂ ನಾನೂ ಶಂಭುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು, ವಾರವಾರ ಬರಬೇಕು ಎಂದರು, ಮನೆಯಲ್ಲಿ ಏನೇನು ಜೋಪಾನ ಮಾಡಬೇಕೆಂದು ನಮಗೆ ಹೇಳಿದರು. ಅನಸೂಯ ಹೊರಗಿನವರ ಬಗ್ಗೆ ಆಡಿದ್ದ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ವಾಪಸು ಬರುವಷ್ಟರಲ್ಲಿ ನಮ್ಮ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಆದರೆ ಒಳಗೆ ಕೂತಿರಲಿಲ್ಲ, ಹಜಾರದಲ್ಲಿ ನಿಂತಿದ್ದರು. ಹುಡುಗನೊಬ್ಬನ ಜೊತೆ ಕೂರುವುದು ಹೇಗೆ ಎಂದು ಯಾರಿಗೂ ತಿಳಿಯದು. ಚಕ್ಕುಲಿ ತರಬೇಕೇ, ಗಂಡಸರನ್ನು ಕರೆಯಬೇಕೇ, ಗಂಡಸರು ಬಂದರೆ ಏನು ಮಾತಾಡುತ್ತಾರೆ, ಎಲ್ಲ ಗೊಂದಲ. ಕುಮುದ ನಡುಮನೆಯಲ್ಲಿ ಚಾಪೆ ಹಾಸಿ, ಒಳಕೋಣೆಯ ಬಾಗಿಲನ್ನೂ ಮುಂಬಾಗಿಲನ್ನೂ ತೆರೆದಿಟ್ಟು, ತಮ್ಮನನ್ನು ನಡುವೆ ಕೂರಿಸಿದಳು. ಒಬ್ಬೊಬ್ಬರಾಗಿ ಕೂತರು. ಯಾರೂ ಬಾಯಿ ತೆರೆಯಲಿಲ್ಲ. ನಮ್ಮ ಬೀದಿಯ ಹೆಂಗಸರು ಇಷ್ಟು ಹೊತ್ತು ಸುಮ್ಮನಿದ್ದದ್ದು ಎಂದೂ ಇಲ್ಲ.

ಅಷ್ಟರಲ್ಲಿ ಹಜಾರದಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಶಿವಗಂಗಮ್ಮ, ಬಸವಂತನ ತಾಯಿ. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ನೇರವಾಗಿ ಬಂದು ಶಂಭುವಿನ ಎದುರು ಕೂತಳು. ಈ ಊರಿನಲ್ಲಿ ಅವನು ಯಾರ ಮುಖ ನೋಡಲು ಹೆದರುತ್ತಿದ್ದನೋ ಅವಳೇ ಎದುರಿಗಿದ್ದಳು.

"ನನ್ ಮಗ ನಿನ್ ಹತ್ರ ಏನೋ ಹೇಳಿದ್ನಂತೆ, ಕುಮುದ ಹೇಳಿದ್ಳು" ಎಂದಳು.

ಕುಮುದ ಶಂಭುವಿನ ಮೊಣಕಾಲಿನ ಮೇಲೆ ಕೈಯಿಟ್ಟಮೇಲೆ ಅವನು ಹೇಳಿದ.

"ನಾಳೆಯಿಂದ ಕಿಟಕಿ ಪಕ್ಕದ ಜಾಗ ನೀನೇ ತಗೋ ಅಂದ. ಯಾವಾಗ್ಲೂ ಅದಕ್ಕೇ ಜಗಳ ಆಡ್ತಿದ್ವಿ. ನಾನು ತಮಾಷೆ ಅನ್ಕೊಂಡೆ. ಯಾಕೋ, ಊರು ಬಿಟ್ಟು ಹೋಗ್ತಿದೀಯಾ ಅಂತ ನಗಾಡಿದೆ. ಅವ್ನೂ ನಕ್ಕ." ಅವನ ಮಾತು ಅಲ್ಲಿಗೆ ತುಂಡಾಯಿತು. "ನಾನು ನಗ್ದೆ ಕೇಳಿದ್ರೆ ಅವ್ನು ಇರ್ತಿದ್ದ."

ಶಿವಗಂಗಮ್ಮ ಎದ್ದುಹೋದರೆ ಏನು ಗತಿ ಎಂದು ನನಗೆ ಹೆದರಿಕೆಯಾಯಿತು. ಅವಳು ಕೈಚಾಚಿ ಹುಡುಗನ ಕೆನ್ನೆ ಮುಟ್ಟಿದಳು.

"ನಂಗೂ ಹೇಳಿದ್ದ ಕಣಪ್ಪ. ಅವತ್ತು ರಾತ್ರಿ ಊಟ ಆದ್ಮೇಲೆ, ಅಮ್ಮಾ ಇವತ್ತು ಸಾರು ಬಹಳ ಚೆನ್ನಾಗಿತ್ತು ಅಂದ. ಹುಟ್ಟಿದಾಗಿಂದ ಒಂದು ದಿನಾನೂ ಹಂಗಂದೋನಲ್ಲ. ನಾನೂ ನಕ್ಕೆ. ಹೆತ್ತೋಳು ನಾನೇ ಕೇಳ್ಲಿಲ್ಲ, ನೀನು ಹುಡುಗ, ನಿಂಗೆ ಹೆಂಗ್ ಗೊತ್ತಾಗ್ಬೇಕು? ಅವನ ಮನಸ್ಸು ಕಾಯಿಲೆ ಬಿದ್ದಿತ್ತು ಮಗಾ. ನೀನು ಕೊಂದಿಲ್ಲ. ನಾನೂ ಕೊಂದಿಲ್ಲ. ಇದನ್ನ ನಂಗೆ ಯಾರಾದ್ರೂ ಹೇಳ್ಲಿ ಅಂತ ಒಂದು ವರ್ಷ ಕಾಯ್ತಿದ್ದೆ, ಯಾರೂ ಬರ್ಲಿಲ್ಲ. ಅದಕ್ಕೇ ನಿಂಗೆ ಹೇಳೋಕೆ ನಾನೇ ಬಂದೆ."

ಶಂಭು ಅತ್ತ. ಗಂಡುಹುಡುಗರ ಅಳುವಿಗೆ ನಮ್ಮ ಕಿವಿ ಪಳಗಿರಲಿಲ್ಲ, ಒಡೆದ ಧ್ವನಿಯಲ್ಲಿ, ಅಡ್ಡಾದಿಡ್ಡಿಯಾಗಿ, ನೋಡುವವರಿಗೆ ಎಲ್ಲಿ ನೋಡಬೇಕೆಂದು ತಿಳಿಯದ ಹಾಗೆ ಅತ್ತ. ಶಿವಗಂಗಮ್ಮ ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ನಾವೆಲ್ಲ ಅತ್ತೆವು. ಹೋದ ವರ್ಷ ಆ ತಾಯಿಯ ಮನೆಗೆ ಯಾರೂ ಜೊತೆ ಕೂರಲು ಹೋಗಿರಲಿಲ್ಲ ಎಂಬುದು ಅವತ್ತು ನಮಗೆ ಒಟ್ಟಿಗೇ ನೆನಪಾಯಿತು.

ರುದ್ರಪ್ಪ ಹೊಸ್ತಿಲಲ್ಲೇ ನಿಂತಿದ್ದ. ಹೆಂಗಸರ ನಡುವೆ ಬರಲು ಅವನಿಗೆ ಅಭ್ಯಾಸವಿಲ್ಲ, ಬಿಟ್ಟುಹೋಗಲು ಮನಸ್ಸಿಲ್ಲ. ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ, ಒರೆಸಿಕೊಳ್ಳುತ್ತ ಇದ್ದ. ಕೊನೆಗೆ ಚಾಪೆಯ ಅಂಚಿನಲ್ಲಿ ಬಂದು ಕೂತು, ಎಲ್ಲರೆದುರಿಗೂ ಮಗಳನ್ನು ಕೇಳಿದ.

"ಕುಮುದ, ನಾನು ಏನಂತ ಕೇಳ್ಬೇಕಮ್ಮಾ?"

ಕುಮುದ ತಂದೆಯನ್ನು ನೋಡಿದಳು. "ನಿಂಗೆ ಏನು ಗೊತ್ತಾಗ್ಬೇಕೋ ಅದನ್ನ ಕೇಳು ಅಪ್ಪ. ಆಮೇಲೆ ಸುಮ್ನಿರು."

ರುದ್ರಪ್ಪ ಮಗನ ಕಡೆ ತಿರುಗಿದ. "ಊಟ ಮಾಡಿದ್ಯೇನೋ" ಎಂದ. ಹೆಂಗಸರಲ್ಲಿ ಯಾರೋ ಅಳುವಿನ ನಡುವೆ ನಕ್ಕರು. ಅವನು ನಾಚಿ ತಲೆ ತಗ್ಗಿಸಿದ, ಮತ್ತೆ ಎತ್ತಿದ. "ಅದಲ್ಲ. ಬೆಳಿಗ್ಗೆ ಎಷ್ಟು ಬೇಗ ಎದ್ದೇಳ್ತಿದ್ದೆ ನೀನು. ಒಬ್ನೇ ಕೂತ್ಕೊಂಡು ಏನು ಯೋಚ್ನೆ ಮಾಡ್ತಿದ್ದೆ ಮಗಾ? ನಂಗೆ ಹೇಳು."

ಶಂಭು ಶಿವಗಂಗಮ್ಮನ ಹೆಗಲಿನಿಂದ ತಲೆಯೆತ್ತಿ, ಮೂಗೊರೆಸಿಕೊಂಡು ಹೇಳತೊಡಗಿದ. ಹೇಳಲು ಬಹಳ ಇತ್ತು. ಕೆಲವು ಮಾತುಗಳನ್ನು ಕೇಳಿ ಅನಸೂಯ ಸೆರಗು ಕಚ್ಚಿಕೊಂಡಳು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ. ಅಂಗಡಿಯ ಗಿರಾಕಿಯೊಬ್ಬ ಹೊರಗಿನಿಂದ "ರುದ್ರಣ್ಣಾ" ಎಂದು ಕೂಗಿ, ಕೂಗಿ, ಹೊರಟುಹೋದ. ನನ್ನ ತಮ್ಮ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ, ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.